ಒಂದು ಮೇಲುರುಜು, 1,153 ಕಾರ್ಡು

ಅಮೆರಿಕದ ಸ್ಯಾನ್ ಡಿಯೇಗೊ ನಗರದಲ್ಲಿ ನೌಕಾಪಡೆಗೆ ಸೇರಿದ ಸಂಶೋಧನಾ ಕೇಂದ್ರವೊಂದಿತ್ತು. ಸ್ಪಾವರ್ ಸಿಸ್ಟಮ್ಸ್ ಸೆಂಟರ್ ಎಂದು ಹೆಸರು. ಹಡಗುಗಳಿಗೆ ಬೇಕಾದ ಸಂಪರ್ಕ ವ್ಯವಸ್ಥೆ, ಕಂಪ್ಯೂಟರ್ ವ್ಯವಸ್ಥೆಗಳ ಮೇಲೆ ಎಂಜಿನಿಯರುಗಳು, ವಿಜ್ಞಾನಿಗಳು ಕೆಲಸ ಮಾಡುತ್ತಿದ್ದ ಜಾಗ. 2000ನೇ ಇಸವಿಯ ಹೊತ್ತಿಗೆ ಅಲ್ಲಿನ ನೂರು ನೌಕರರಲ್ಲಿ ಮೂವತ್ತಾರು ಜನರ ಜೇಬಿನಲ್ಲಿ ಸರ್ಕಾರದ ಕ್ರೆಡಿಟ್ ಕಾರ್ಡ್ ಇತ್ತು. ಒಟ್ಟು 1,153 ಕಾರ್ಡುದಾರರು. ತಿಂಗಳ ಕೊನೆಗೆ ಬ್ಯಾಂಕಿನಿಂದ ಬರುತ್ತಿದ್ದ ಬಿಲ್ ನೋಡಿ, ಎಲ್ಲವೂ ಸರಿಯಿದೆ, ಹಣ ಕೊಡಬಹುದು ಎಂದು ಮೇಲುರುಜು ಹಾಕಬೇಕಾಗಿದ್ದ ಅಧಿಕಾರಿ ಮಾತ್ರ ಒಬ್ಬರೇ.

ಈ ಲೆಕ್ಕವನ್ನು ನಾನು ಕಾಗದದ ಮೇಲೆ ಮಾಡಿ ನೋಡಿದೆ. ತಿಂಗಳಿಗೆ ಇಪ್ಪತ್ತು ಕೆಲಸದ ದಿನ, ದಿನಕ್ಕೆ ಎಂಟು ಗಂಟೆ. ಆ ಅಧಿಕಾರಿ ಬೇರೇನೂ ಮಾಡದೆ, ಫೋನೂ ಎತ್ತದೆ, ಬಿಲ್ಲುಗಳನ್ನಷ್ಟೇ ನೋಡುತ್ತ ಕುಳಿತರೂ ಒಬ್ಬ ಕಾರ್ಡುದಾರನಿಗೆ ಸಿಗುವುದು ಎಂಟು ನಿಮಿಷ. ಅಷ್ಟರಲ್ಲಿ ಅವನು ಆ ತಿಂಗಳು ಎಲ್ಲೆಲ್ಲಿ ಏನೇನು ಕೊಂಡ, ಅದರ ಅಗತ್ಯವಿತ್ತೇ, ರಸೀದಿ ಇದೆಯೇ, ಸಾಮಾನು ಕಚೇರಿಗೆ ಬಂತೇ ಎಂದೆಲ್ಲ ನೋಡಬೇಕು. ಇನ್ನು ಬಿಲ್ ಪಾವತಿಗೆ ಬ್ಯಾಂಕು ಕೊಡುವ ಗಡುವು ನೆನೆದರೆ ಆ ಎಂಟು ನಿಮಿಷವೂ ಉಳಿಯುವುದಿಲ್ಲ.

ಸರ್ಕಾರಿ ನೌಕರರ ಕ್ರೆಡಿಟ್ ಕಾರ್ಡ್ ದುರ್ಬಳಕೆ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಕಳ್ಳ ನೌಕರನ ಚಿತ್ರ. ಸ್ಯಾನ್ ಡಿಯೇಗೊ ಪ್ರಕರಣದಲ್ಲಿ ಅಂಥವರು ಇದ್ದರು, ಅವರ ಕಥೆಯನ್ನೂ ಹೇಳುತ್ತೇನೆ. ಆದರೆ ಇಡೀ ಪ್ರಕರಣವನ್ನು ಓದಿದ ಮೇಲೆ ನನ್ನನ್ನು ಕಾಡಿದ್ದು ಕಾರ್ಡು ಉಜ್ಜಿದ ಕೈಗಿಂತ ಹೆಚ್ಚಾಗಿ, ನೋಡದೆ ರುಜು ಹಾಕಿದ ಕೈ. ಆ ಕೈಗೆ ನೋಡಲು ಪುರುಸೊತ್ತೇ ಸಿಗದಂತೆ ಮಾಡಿದವರು ಅದಕ್ಕಿಂತ ಹೆಚ್ಚಾಗಿ ಕಾಡಿದರು.

ಮೊದಲು ಕಾರ್ಡಿನ ವಿಚಾರ. ಅಮೆರಿಕ ಸರ್ಕಾರದಲ್ಲಿ ಇಂಥ ಕಾರ್ಡುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಪ್ರವಾಸದ ಕಾರ್ಡ್. ಕೆಲಸದ ಮೇಲೆ ಬೇರೆ ಊರಿಗೆ ಹೋದಾಗ ಹೋಟೆಲು, ಊಟಕ್ಕೆ ಬಳಸುವುದು. ಸಾಮಾನ್ಯವಾಗಿ ಅದರ ಬಿಲ್ ನೌಕರನ ಹೆಸರಿಗೇ ಬರುತ್ತದೆ. ಅವನು ಕಟ್ಟಿ, ಭತ್ಯೆಯ ಬಿಲ್ ಹಾಕಿ ಹಣ ವಾಪಸು ಪಡೆಯುತ್ತಾನೆ. ಇನ್ನೊಂದು ಖರೀದಿ ಕಾರ್ಡ್. ಕಚೇರಿಗೆ ಬೇಕಾದ ಸಣ್ಣಪುಟ್ಟ ಸಾಮಾನು ಕೊಳ್ಳಲು. ಇದರ ಬಿಲ್ ಕಟ್ಟುವುದು ಸರ್ಕಾರ. ಮೊದಲನೆಯದರಲ್ಲಿ ತಪ್ಪು ಮಾಡಿದರೆ ನೌಕರನ ಸ್ವಂತ ಜೇಬಿಗೆ ಬಿಸಿ ತಟ್ಟುತ್ತದೆ. ಎರಡನೆಯದರಲ್ಲಿ ಯಾರಾದರೂ ಗಮನಿಸಿದರೆ ಮಾತ್ರ ತಪ್ಪು ಗೊತ್ತಾಗುವುದು. ಈ ಪ್ರಕರಣ ನಡೆದದ್ದು ಎರಡನೆಯದರ ಸುತ್ತ.

ಖರೀದಿ ಕಾರ್ಡನ್ನು ತಂದವರ ಉದ್ದೇಶ ಒಳ್ಳೆಯದೇ ಆಗಿತ್ತು, ಇದನ್ನು ಒತ್ತಿ ಹೇಳಬೇಕು. ಹತ್ತು ಡಾಲರಿನ ಸಾಮಾನಿಗೂ ಇಂಡೆಂಟು, ಕೊಟೇಶನ್ನು, ಖರೀದಿ ಆದೇಶ, ಕಡತ ಮೇಲೆ ಹೋಗಿ ಕೆಳಗೆ ಬರುವುದು ಎಂದಾದರೆ ಸಾಮಾನಿನ ಬೆಲೆಗಿಂತ ಕಾಗದದ ಖರ್ಚೇ ಹೆಚ್ಚು. ಸರ್ಕಾರಿ ಕಚೇರಿಯಲ್ಲಿ ಒಂದು ಪ್ರಿಂಟರ್ ಇಂಕಿಗಾಗಿ ಕಾದವರಿಗೆ ಇದನ್ನು ವಿವರಿಸಬೇಕಿಲ್ಲ. ಅಮೆರಿಕದಲ್ಲಿ 1980ರ ದಶಕದಲ್ಲೇ ಪ್ರಯೋಗವಾಗಿ ಶುರುವಾದ ಈ ಕಾರ್ಡು 1989ರಲ್ಲಿ ಎಲ್ಲ ಇಲಾಖೆಗಳಿಗೂ ಸಿಕ್ಕಿತು. 1994ರ ಖರೀದಿ ಸುಧಾರಣಾ ಕಾಯ್ದೆ 2,500 ಡಾಲರಿನೊಳಗಿನ ಖರೀದಿಗಳಿಗೆ ಬಹಳಷ್ಟು ನಿಯಮಗಳಿಂದ ವಿನಾಯಿತಿ ಕೊಟ್ಟಿತು. ಅಲ್ಲಿಂದ ಕಾರ್ಡುಗಳ ಸಂಖ್ಯೆ ಏರುತ್ತಲೇ ಹೋಯಿತು. 2001ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯೊಂದರಲ್ಲೇ ಸುಮಾರು 2,30,000 ಕಾರ್ಡುದಾರರು ಇದ್ದರು. ಆ ವರ್ಷ ಅವರು ಮಾಡಿದ ಖರೀದಿ 610 ಕೋಟಿ ಡಾಲರಿನಷ್ಟು.

ಕಾಗದ ಕಡಿಮೆಯಾಯಿತು, ಸರಿ. ಆದರೆ ಆ ಕಾಗದಗಳ ಜೊತೆಯಲ್ಲೇ ಇದ್ದ ಇನ್ನೊಂದು ಕೆಲಸದ ಗತಿ ಏನಾಯಿತು? ಹಳೆಯ ಪದ್ಧತಿಯಲ್ಲಿ ಬೇಕು ಎನ್ನುವವನು ಒಬ್ಬ, ಕೊಳ್ಳುವವನು ಇನ್ನೊಬ್ಬ, ಬಂದ ಸಾಮಾನನ್ನು ಎಣಿಸಿ ದಾಸ್ತಾನು ವಹಿಯಲ್ಲಿ ಬರೆದುಕೊಳ್ಳುವವನು ಮತ್ತೊಬ್ಬ. ನಿಧಾನ ನಿಜ, ಆದರೂ ಮೂರು ಜೋಡಿ ಕಣ್ಣು. ಕಾರ್ಡಿನಲ್ಲಿ ಈ ಮೂರೂ ಕೆಲಸ ಒಬ್ಬನ ಕೈಗೆ ಬಂದುಬಿಡುವ ಅಪಾಯವಿತ್ತು. ಅದಕ್ಕೇ ನಿಯಮದಲ್ಲಿ ಮೇಲುರುಜು ಅಧಿಕಾರಿಯನ್ನು ಇಟ್ಟರು. ಕಾರ್ಡುದಾರ ತನ್ನ ರಸೀದಿಗಳನ್ನು ಬಿಲ್ಲಿನ ಜೊತೆ ತಾಳೆ ನೋಡಬೇಕು, ಮೇಲುರುಜು ಅಧಿಕಾರಿ ಅದನ್ನು ಮತ್ತೆ ಪರಿಶೀಲಿಸಬೇಕು, ಸಾಮಾನು ಬಂದದ್ದನ್ನು ಕಾರ್ಡುದಾರನಲ್ಲದ ಬೇರೊಬ್ಬರು ದೃಢಪಡಿಸಬೇಕು. ಕಾಗದದ ಮೇಲೆ ಇದರಲ್ಲಿ ಕೊರತೆ ಕಾಣುವುದಿಲ್ಲ.

ಅಮೆರಿಕ ಕಾಂಗ್ರೆಸ್ಸಿನ ಲೆಕ್ಕ ಪರಿಶೋಧನಾ ಸಂಸ್ಥೆಯಾದ ಜಿಎಒ ಸ್ಯಾನ್ ಡಿಯೇಗೊಗೆ ಬಂದದ್ದು ಈ ವ್ಯವಸ್ಥೆ ನಿಜಕ್ಕೂ ನಡೆಯುತ್ತಿದೆಯೇ ಎಂದು ನೋಡಲು. ಸೆನೆಟರ್ ಚಕ್ ಗ್ರಾಸ್ಲೆ ಮತ್ತು ಪ್ರತಿನಿಧಿ ಸಭೆಯ ಉಪಸಮಿತಿಯ ಅಧ್ಯಕ್ಷರಾಗಿದ್ದ ಸ್ಟೀಫನ್ ಹಾರ್ನ್ ಈ ತನಿಖೆಯ ಬೆನ್ನಿಗಿದ್ದರು. ಸಂಸ್ಥೆ ಎರಡು ಘಟಕಗಳನ್ನು ಆರಿಸಿಕೊಂಡಿತು. ಒಂದು ಸ್ಪಾವರ್. ಇನ್ನೊಂದು ನೌಕಾನೆಲೆಗಳ ಕಟ್ಟಡ, ರಿಪೇರಿ ಕೆಲಸ ನೋಡಿಕೊಳ್ಳುವ ಪಬ್ಲಿಕ್ ವರ್ಕ್ಸ್ ಸೆಂಟರ್. 2000ನೇ ಹಣಕಾಸು ವರ್ಷದಲ್ಲಿ ಇವೆರಡೂ ಸೇರಿ ಕಾರ್ಡಿನ ಮೇಲೆ ಸುಮಾರು 6.8 ಕೋಟಿ ಡಾಲರ್ ಖರ್ಚು ಮಾಡಿದ್ದವು. 2001ರ ಜುಲೈ 30ರಂದು ಸಂಸ್ಥೆಯ ಗ್ರೆಗರಿ ಕುಟ್ಜ್ ಉಪಸಮಿತಿಯ ಮುಂದೆ ಸಾಕ್ಷ್ಯ ನುಡಿದರು.

ಅದರಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ಪತ್ರಿಕೆಗಳ ತಲೆಬರಹಕ್ಕೆ ಬರುವಂಥದ್ದಲ್ಲ. ಸ್ಪಾವರಿನಲ್ಲಿ ಮೇಲುರುಜು ಹೇಗೆ ನಡೆಯುತ್ತಿತ್ತು ಎಂಬ ವಿವರ ಅದು. ಕಾರ್ಡುದಾರರು ತಾಳೆ ನೋಡಿ ಮುಗಿಸುವ ಮೊದಲೇ ಬಿಲ್ಲಿಗೆ ಮೇಲುರುಜು ಬೀಳುತ್ತಿತ್ತು. ಯಾರಾದರೂ ಕಾರ್ಡುದಾರ ತಾನಾಗಿಯೇ ಬಂದು ಈ ಖರ್ಚು ತಪ್ಪು ಎಂದು ಹೇಳದಿದ್ದರೆ, ಎಲ್ಲವೂ ಸರಿ ಎಂದೇ ಭಾವಿಸಲಾಗುತ್ತಿತ್ತು. ಮೌನಂ ಸಮ್ಮತಿ ಲಕ್ಷಣಂ ಎನ್ನುವುದು ಮದುವೆ ಮಾತುಕತೆಗೆ ಸರಿಹೋಗಬಹುದು. ತಪ್ಪು ಮಾಡಿದವನೇ ಬಂದು ತಪ್ಪೊಪ್ಪಿಕೊಳ್ಳುವವರೆಗೆ ಲೆಕ್ಕ ಸರಿ ಎನ್ನುವುದಾದರೆ ಮೇಲುರುಜು ಯಾತಕ್ಕೆ ಬೇಕು?

ಇನ್ನೊಂದು ಘಟಕದಲ್ಲೂ ಸ್ಥಿತಿ ದೊಡ್ಡದಾಗಿ ಬೇರೆಯಿರಲಿಲ್ಲ. ಸುಮಾರು ಮುನ್ನೂರು ಕಾರ್ಡುದಾರರಿಗೆ ಏಳು ಮೇಲುರುಜು ಅಧಿಕಾರಿಗಳು, ಅಂದರೆ ತಲೆಗೆ ನಲವತ್ತಕ್ಕೂ ಹೆಚ್ಚು. ಎರಡೂ ಕಡೆ ಕಾರ್ಡು ಸಿಗಲು ಮೇಲ್ವಿಚಾರಕರು ಹ್ಞೂಂ ಎಂದರೆ ಸಾಕಿತ್ತು. ಈ ನೌಕರನ ಕೆಲಸಕ್ಕೆ ಕಾರ್ಡು ನಿಜಕ್ಕೂ ಬೇಕೇ ಎಂದು ಕೇಳುವವರಿರಲಿಲ್ಲ. ಹೋಲಿಕೆಗೆಂದು ಜಿಎಒ ರಕ್ಷಣಾ ಗುತ್ತಿಗೆಯ ಆರು ದೊಡ್ಡ ಖಾಸಗಿ ಕಂಪನಿಗಳನ್ನು ನೋಡಿತು. ಅಲ್ಲಿ ಕಾರ್ಡು ಹಿಡಿದವರು ನೂರಕ್ಕೆ ನಾಲ್ಕು ಮಂದಿಯನ್ನೂ ಮೀರುತ್ತಿರಲಿಲ್ಲ.

ಈಗ ಆ ಕ್ರಿಸ್‌ಮಸ್ ವಾರಕ್ಕೆ ಬರೋಣ. 1999ರ ಡಿಸೆಂಬರಿನಲ್ಲಿ ಪಬ್ಲಿಕ್ ವರ್ಕ್ಸ್ ಸೆಂಟರಿನ ಒಬ್ಬ ಕಾರ್ಡುದಾರರ ಕಾರ್ಡಿನ ಮೇಲೆ ಕೆಲವೇ ದಿನಗಳಲ್ಲಿ ಸುಮಾರು 12,000 ಡಾಲರಿನ ಖರೀದಿ ನಡೆಯಿತು. ಅಡುಗೆಯ ಒಲೆ, ಮನೆಗೆ ಕಂಪ್ಯೂಟರು, ದಿನಸಿ, ಬಟ್ಟೆ, ಉಡುಗೊರೆ ಕೂಪನ್ನು. ರಿಪೇರಿ ಕೆಲಸದ ಕಚೇರಿಗೆ ಇವುಗಳಲ್ಲಿ ಯಾವುದೂ ಸಂಬಂಧಪಟ್ಟದ್ದಲ್ಲ. ಬಿಲ್ಲಿನಲ್ಲಿ ಅಂಗಡಿಗಳ ಹೆಸರು ಇದ್ದೇ ಇತ್ತು, ತಾರೀಖೂ ಇತ್ತು. ಹಬ್ಬದ ವಾರದಲ್ಲಿ ಒಬ್ಬರ ಕಾರ್ಡಿನಲ್ಲಿ ಇಷ್ಟು ಮೊತ್ತ ಎಂಬುದೊಂದೇ ಕಣ್ಣಿಗೆ ಕುಕ್ಕಬೇಕಿತ್ತು. ಬಿಲ್ಲಿಗೆ ಮೇಲುರುಜು ಬಿತ್ತು, ಸರ್ಕಾರ ಹಣ ಕಟ್ಟಿತು.

ಆಮೇಲೆ ನಡೆದದ್ದು ಇನ್ನೂ ನೋವಿನದು. ವಿಷಯ ಬಯಲಾದಾಗ ಮೊತ್ತ ಸಣ್ಣದು ಎಂದು ಫೆಡರಲ್ ಪ್ರಾಸಿಕ್ಯೂಟರ್ ಕಚೇರಿ ಮೊಕದ್ದಮೆ ಹೂಡಲಿಲ್ಲ. ಇಲಾಖಾ ಶಿಸ್ತು ಕ್ರಮವೂ ಆಗಲಿಲ್ಲ. 2002ರ ಮಾರ್ಚ್ 13ರಂದು ಅದೇ ಉಪಸಮಿತಿ ಎರಡನೇ ಸಲ ವಿಚಾರಣೆಗೆ ಕುಳಿತಾಗ ಹೊರಬಿದ್ದ ಸಂಗತಿ: ಆ ನೌಕರರು ಅಷ್ಟರಲ್ಲಿ ಭೂಸೇನೆಯ ಹಣಕಾಸು ಕಚೇರಿಗೆ, ಪೆಂಟಗನ್ನಿಗೇ, ವರ್ಗವಾಗಿ ಹೋಗಿದ್ದರು. ಗ್ರಾಸ್ಲೆ ಸಿಟ್ಟಾದದ್ದರಲ್ಲಿ ಆಶ್ಚರ್ಯವಿಲ್ಲ. ಒಂದು ಕಚೇರಿಯಲ್ಲಿ ಲೆಕ್ಕ ಒಪ್ಪಿಸದೆ ಹೋದವರು ಇನ್ನೊಂದು ಕಚೇರಿಯ ಲೆಕ್ಕದ ಮೇಜಿಗೆ ಹೋಗಿ ಕೂರುತ್ತಾರೆ ಎಂದರೆ, ಪ್ರಾಮಾಣಿಕವಾಗಿ ರಸೀದಿ ಜೋಡಿಸಿಟ್ಟ ನೂರಾರು ಸಹೋದ್ಯೋಗಿಗಳಿಗೆ ಅದು ಏನು ಹೇಳುತ್ತದೆ?

ಈ ಎರಡು ಘಟಕಗಳಿಗೆ ಸಂಬಂಧಿಸಿದ ಐದು ವಂಚನೆ ಪ್ರಕರಣಗಳನ್ನು ಜಿಎಒ ವಿವರಿಸಿತು. ಮೊತ್ತ ಒಟ್ಟು 6.6 ಲಕ್ಷ ಡಾಲರಿಗೂ ಮೇಲೆ. ಇದಲ್ಲದೆ ಕಾರ್ಡ್ ಸಂಖ್ಯೆಗಳೇ ಸೋರಿಹೋದ ಘಟನೆಯೊಂದಿತ್ತು. ಖಾತೆ ಸಂಖ್ಯೆಗಳ ಪಟ್ಟಿಯೊಂದು ಸ್ಯಾನ್ ಡಿಯೇಗೊದ ಕಾಲೇಜಿನ ಗ್ರಂಥಾಲಯದಲ್ಲಿ ಸಿಕ್ಕಿತ್ತು. ಆ ಭಾಗದ ನೌಕಾಪಡೆ ಕಚೇರಿಗಳ 2,600ರವರೆಗೆ ಖಾತೆಗಳು ಬಯಲಾಗಿರಬಹುದು ಎಂಬ ಅಂದಾಜಿತ್ತು. ಮನೆಯ ಬೀಗದ ಕೈ ಬೀದಿಯಲ್ಲಿ ಸಿಕ್ಕಿತೆಂದು ಗೊತ್ತಾದ ಮೇಲೆ ಯಾರಾದರೂ ಬೀಗ ಬದಲಿಸದೆ ಇರುತ್ತಾರೆಯೇ? ಇಲ್ಲಿ ಎಲ್ಲ ಖಾತೆಗಳನ್ನೂ ತಕ್ಷಣ ರದ್ದು ಮಾಡಲಿಲ್ಲ. ಒಂದೊಂದರಲ್ಲಿ ವಂಚನೆ ಕಂಡಂತೆ ಒಂದೊಂದನ್ನು ಮುಚ್ಚುತ್ತ ಹೋದರು.

ವಂಚನೆಗಳನ್ನು ಪಕ್ಕಕ್ಕಿಟ್ಟರೂ ಉಳಿಯುವ ಭಾಗ ನನ್ನ ದೃಷ್ಟಿಯಲ್ಲಿ ಹೆಚ್ಚು ತೂಕದ್ದು. ಯಾರೂ ಕದಿಯಲಿಲ್ಲ, ಆದರೆ ಯಾಕೆ ಕೊಂಡರು ಎಂದು ಹೇಳಲಾಗುವುದಿಲ್ಲ ಎಂಬಂಥ ಖರ್ಚುಗಳವು. ದುಬಾರಿ ಬ್ರಾಂಡಿನ ಚರ್ಮದ ಬ್ರೀಫ್‌ಕೇಸು, ಚರ್ಮದ ಹೊದಿಕೆಯ ಡೈರಿಗಳು, ಸಾಮಾನ್ಯ ಮಾನಿಟರು ಸಾಕಾಗುವ ಕಡೆ ಆ ಕಾಲಕ್ಕೆ ಭಾರಿ ಬೆಲೆಯ ಚಪ್ಪಟೆ ಮಾನಿಟರು. ಇದರ ಜೊತೆಗೆ 2,500 ಡಾಲರಿನ ಮಿತಿ ದಾಟುವ ಖರೀದಿಯನ್ನು ತುಂಡು ಮಾಡಿ ಎರಡು ಮೂರು ಬಿಲ್ಲಾಗಿ ಮಾಡಿಸಿಕೊಳ್ಳುವುದು ಎರಡೂ ಕಡೆ ಕಂಡುಬಂತು. ಈ ತುಂಡು ಬಿಲ್ಲಿನ ವಿದ್ಯೆಯನ್ನು ಯಾವ ದೇಶದ ಸರ್ಕಾರಿ ಕಚೇರಿಗೂ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಇನ್ನು ಕೊಂಡ ಕಂಪ್ಯೂಟರು, ಕೈಯಲ್ಲಿ ಹಿಡಿಯುವ ಉಪಕರಣಗಳಲ್ಲಿ ಬಹಳಷ್ಟು ಆಸ್ತಿ ವಹಿಯಲ್ಲೇ ದಾಖಲಾಗಿರಲಿಲ್ಲ. ಪರಿಶೋಧಕರು ಎಲ್ಲಿದೆ ತೋರಿಸಿ ಎಂದಾಗ ಹಲವನ್ನು ತೋರಿಸಲಾಗಲಿಲ್ಲ. ಕದ್ದು ಹೋಯಿತೇ, ಯಾರದೋ ಮನೆಯಲ್ಲಿದೆಯೇ, ಕಚೇರಿಯ ಯಾವುದೋ ಬೀರುವಿನಲ್ಲಿದೆಯೇ? ದಾಸ್ತಾನು ವಹಿಯಲ್ಲಿ ಇಲ್ಲದ ವಸ್ತು ಕಳೆದುಹೋಯಿತು ಎಂದು ಹೇಳಲೂ ಸಾಧ್ಯವಿಲ್ಲ.

ನಮ್ಮಲ್ಲಿ ಇಂಥ ಕಾರ್ಡಿಗಿಂತ ಬೇರೆ ದಾರಿಗಳೇ ರೂಢಿ, ಆದರೂ ಪ್ರಶ್ನೆ ಅದೇ. ಕರ್ನಾಟಕದಲ್ಲಿ ಸಾದಿಲ್ವಾರು ವೆಚ್ಚಕ್ಕೆ ವಿವರವಿಲ್ಲದ ಸಂಕ್ಷಿಪ್ತ ಬಿಲ್ಲಾದ ಎ.ಸಿ. ಬಿಲ್ ಹಾಕಿ ಹಣ ಮೊದಲು ಸೆಳೆಯಬಹುದು. ಆಮೇಲೆ ಆ ಖರ್ಚಿನ ವಿವರ ಕೊಡುವ ಎನ್.ಡಿ.ಸಿ. ಬಿಲ್ಲನ್ನು ವೋಚರುಗಳ ಸಮೇತ ಮುಂದಿನ ತಿಂಗಳ 15ರೊಳಗೆ ಖಜಾನೆಯ ಮೂಲಕ ಮಹಾಲೇಖಪಾಲರಿಗೆ ಒಪ್ಪಿಸಬೇಕು. ಬಾಕಿ ಉಳಿದ ಎನ್.ಡಿ.ಸಿ. ಬಿಲ್ಲುಗಳ ಬಗ್ಗೆ ಮಹಾಲೆಕ್ಕ ಪರಿಶೋಧಕರ ವರದಿಗಳು ಮತ್ತೆ ಮತ್ತೆ ಆಕ್ಷೇಪಿಸುತ್ತ ಬಂದಿವೆ. ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮಗಳಲ್ಲಿ ಕೊಟೇಶನ್ ಇಲ್ಲದೆ ಸಣ್ಣ ಖರೀದಿ ಮಾಡಲು ಅವಕಾಶವಿದೆ. ಆದರೆ ಗುಣಮಟ್ಟ ಸರಿಯಿದೆ, ಬೆಲೆ ನ್ಯಾಯವಾಗಿದೆ ಎಂದು ತನಗೆ ವೈಯಕ್ತಿಕವಾಗಿ ಖಾತರಿಯಾಗಿದೆ ಎಂದು ಅಧಿಕಾರಿ ಬರೆದು ರುಜು ಹಾಕಬೇಕು. ಆ 'ವೈಯಕ್ತಿಕವಾಗಿ' ಎಂಬ ಮಾತು ನನಗೆ ಇಷ್ಟ. ರಬ್ಬರ್ ಮೊಹರಿನಲ್ಲಿ ಅಚ್ಚು ಮಾಡಿಸಿಕೊಂಡು ಬಿಲ್ಲಿನ ಹಿಂದೆ ಒತ್ತಿದರೆ ಅದರ ಅರ್ಥ ಅಲ್ಲಿಗೇ ಮುಗಿಯಿತು, ಸ್ಯಾನ್ ಡಿಯೇಗೊದಲ್ಲಿ ಮುಗಿದ ಹಾಗೆ.

ನೌಕರರ ಮೇಲೆ ನಂಬಿಕೆ ಇಡಬೇಡವೇ ಎಂದು ಕೇಳುವವರಿದ್ದಾರೆ. ಆ ಮಾತನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ದೊಡ್ಡ ಎಂಜಿನಿಯರಿಗೆ ನೂರು ಡಾಲರಿನ ತಂತಿ ಕೊಳ್ಳಲು ಹತ್ತು ಜನರ ಅನುಮತಿ ಕೇಳಿಸುವುದು ಅವಮಾನವೇ. ಆದರೆ ಮೇಲುರುಜು ಅಪನಂಬಿಕೆಯ ಗುರುತಲ್ಲ. ಅದು ಕಾರ್ಡುದಾರನಿಗೂ ರಕ್ಷಣೆ. ನಾಳೆ ಯಾರೋ ಅವನ ಕಾರ್ಡ್ ಸಂಖ್ಯೆ ಕದ್ದು ಖರ್ಚು ಮಾಡಿದರೆ, ಇದು ಅವನು ಮಾಡಿದ್ದಲ್ಲ ಎಂದು ಅವನ ಪರವಾಗಿ ಹೇಳಬಲ್ಲ ಎರಡನೇ ಸಾಕ್ಷಿ ಆ ತಾಳೆ ನೋಡಿದ ಕಾಗದವೇ.

ವಿಚಾರಣೆಗಳ ನಂತರ ಒಂದಷ್ಟು ಒಳ್ಳೆಯದಾಯಿತು. ಒಬ್ಬ ಮೇಲುರುಜು ಅಧಿಕಾರಿಗೆ ಏಳಕ್ಕಿಂತ ಹೆಚ್ಚು ಕಾರ್ಡುದಾರರು ಇರಬಾರದು ಎಂದು ರಕ್ಷಣಾ ಇಲಾಖೆ ಸೂಚಿಸಿತು. 1,153ರಿಂದ 7ಕ್ಕೆ. ನೌಕಾಪಡೆ ತನ್ನ ಕಾರ್ಡುಗಳನ್ನು ಕೆಲವೇ ತಿಂಗಳುಗಳಲ್ಲಿ ಅರ್ಧಕ್ಕೂ ಕಡಿಮೆ ಮಾಡಿತು. ಕೆಲಸ ನಿಂತುಹೋಗಲಿಲ್ಲ ಎಂಬುದನ್ನು ನೋಡಿದರೆ ತೆಗೆದುಹಾಕಿದ ಆ ಅರ್ಧ ಮೊದಲಿನಿಂದಲೂ ಯಾತಕ್ಕೆ ಇತ್ತು ಎಂಬ ಪ್ರಶ್ನೆ ಏಳುತ್ತದೆ.

ಆದರೆ ಪಾಠ ಒಂದು ಇಲಾಖೆಯಿಂದ ಇನ್ನೊಂದಕ್ಕೆ ಹೋಗಲಿಲ್ಲ. 2005ರ ಸೆಪ್ಟೆಂಬರಿನಲ್ಲಿ, ಕತ್ರಿನಾ ಚಂಡಮಾರುತದ ಗಡಿಬಿಡಿಯಲ್ಲಿ, ಪರಿಹಾರ ಕಾರ್ಯಕ್ಕಾಗಿ ಕಾರ್ಡಿನ ಸಣ್ಣ ಖರೀದಿ ಮಿತಿಯನ್ನು ಒಮ್ಮೆಗೇ 2,50,000 ಡಾಲರಿಗೆ ಏರಿಸಲಾಯಿತು. ಟೀಕೆ ಎಷ್ಟು ಜೋರಾಯಿತೆಂದರೆ ಅಕ್ಟೋಬರ್ ಮೊದಲ ವಾರದಲ್ಲೇ ಆ ಸೌಲಭ್ಯವನ್ನು ಬಳಸಬೇಡಿ ಎಂದು ಇಲಾಖೆಗಳಿಗೆ ಹೇಳಬೇಕಾಯಿತು. 2008ರ ಮಾರ್ಚಿನಲ್ಲಿ ಜಿಎಒ ಇಡೀ ಸರ್ಕಾರದ ಖರೀದಿ ಕಾರ್ಡುಗಳನ್ನು ಪರೀಕ್ಷಿಸಿ ವರದಿ ಕೊಟ್ಟಿತು. ನೂರರಲ್ಲಿ 41 ಖರೀದಿಗಳು ಮೂಲ ನಿಯಮವನ್ನೇ ಪಾಲಿಸಿರಲಿಲ್ಲ. ಸರಿಯಾದ ಅನುಮತಿ ಇರಲಿಲ್ಲ, ಇಲ್ಲವೇ ಸಾಮಾನು ಬಂದದ್ದನ್ನು ಬೇರೊಬ್ಬರು ನೋಡಿ ದೃಢಪಡಿಸಿರಲಿಲ್ಲ. ಸ್ಯಾನ್ ಡಿಯೇಗೊದಲ್ಲಿ ಬಿದ್ದಿದ್ದ ತೂತೇ ಇದು. 2012ರ ಅಕ್ಟೋಬರಿನಲ್ಲಿ, ಮೊದಲ ವಿಚಾರಣೆಯಾಗಿ ಹನ್ನೊಂದು ವರ್ಷಗಳ ಮೇಲೆ, ಗ್ರಾಸ್ಲೆ ಹಿಡಿದ ಪಟ್ಟು ಕಾಯ್ದೆಯಾಯಿತು. ಕಾರ್ಡುದಾರರ ಮತ್ತು ಮೇಲುರುಜು ಅಧಿಕಾರಿಗಳ ದಾಖಲೆ, ತರಬೇತಿ, ಇಲಾಖೆಯ ಒಳಗಿನ ತನಿಖಾಧಿಕಾರಿಗಳಾದ ಇನ್‌ಸ್ಪೆಕ್ಟರ್ ಜನರಲ್‌ಗಳಿಂದ ನಿಯತವಾಗಿ ಅಪಾಯದ ಅಂದಾಜು, ದುರ್ಬಳಕೆಗೆ ವಜಾವರೆಗಿನ ಶಿಕ್ಷೆ, ಇವೆಲ್ಲ ಅದರಲ್ಲಿವೆ.

2025ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಇದೇ ವಿಷಯ ಮತ್ತೆ ಎದ್ದಿತು. ಹೊಸ ಸರ್ಕಾರದ ವೆಚ್ಚ ಕಡಿತ ತಂಡವಾದ ಡೋಜ್ ಒಂದು ಲೆಕ್ಕ ಹೊರಹಾಕಿತು: ಸುಮಾರು 46 ಲಕ್ಷ ಸರ್ಕಾರಿ ಕಾರ್ಡು ಮತ್ತು ಖಾತೆ, 2024ರ ಹಣಕಾಸು ವರ್ಷದಲ್ಲಿ ಸುಮಾರು 9 ಕೋಟಿ ವಹಿವಾಟು, ಸುಮಾರು 4,000 ಕೋಟಿ ಡಾಲರ್ ಖರ್ಚು. ಕೇಳಿದವರು ಬೆಚ್ಚಿಬಿದ್ದರು. ಆದರೆ ಕಾರ್ಯಕ್ರಮದೊಳಗೆ ಪ್ರವಾಸದ ಕಾರ್ಡೂ ಇದೆ, ಸರ್ಕಾರಿ ವಾಹನಗಳಿಗೆ ಇಂಧನ ಹಾಕಿಸುವ ಕಾರ್ಡೂ ಇದೆ, ಸೈನಿಕರ ಕಾರ್ಡುಗಳೂ ಇವೆ ಎಂಬ ವಿವರ ಆ ಗದ್ದಲದಲ್ಲಿ ಕೇಳಿಸಲಿಲ್ಲ. ಬಹಳಷ್ಟು ಕಾರ್ಡುಗಳ ಮಿತಿಯನ್ನು ಒಂದು ಡಾಲರಿಗೆ ಇಳಿಸಲಾಯಿತು. ಫೆಬ್ರವರಿ 26ರ ಅಧ್ಯಕ್ಷರ ಆದೇಶ, ವಿಪತ್ತು ಪರಿಹಾರ ಮತ್ತು ಅಗತ್ಯ ಸೇವೆಗಳಂಥ ಕೆಲವನ್ನು ಬಿಟ್ಟು, ನೌಕರರ ಕಾರ್ಡುಗಳನ್ನು ಮೂವತ್ತು ದಿನ ಸ್ಥಗಿತಗೊಳಿಸಲು ಹೇಳಿತು.

ಸರ್ಕಾರಿ ಪ್ರಯೋಗಾಲಯಗಳ ವಿಜ್ಞಾನಿಗಳು ಪ್ರಯೋಗದ ಸಾಮಗ್ರಿ ತರಿಸಿಕೊಳ್ಳಲಾಗದೆ ಕುಳಿತ ಸುದ್ದಿಗಳು ಬಂದವು. ರಾಷ್ಟ್ರೀಯ ಉದ್ಯಾನಗಳ ಸಿಬ್ಬಂದಿ ದಿನನಿತ್ಯದ ಸಾಮಾನಿಗೂ ಪರದಾಡಿದರು. ಒಂದು ಡಾಲರಿನ ಮಿತಿಗೆ ಕಳ್ಳನೂ ಒಂದೇ, ಪ್ರಾಮಾಣಿಕನೂ ಒಂದೇ. ಇಪ್ಪತ್ತು ವರ್ಷ ಒಂದೂ ರಸೀದಿ ಕಳೆಯದೆ ಇಟ್ಟುಕೊಂಡು ಬಂದ ಪ್ರಯೋಗಾಲಯದ ಸಹಾಯಕಿಯ ಕಾರ್ಡೂ ಅಂದು ಸತ್ತಿತು. ತಿಂಗಳಿಗೆ ನೂರಾರು ಬಿಲ್ಲಿಗೆ ಕಣ್ಣುಮುಚ್ಚಿ ಮೇಲುರುಜು ಹಾಕುವ ಅಧಿಕಾರಿ ಎಲ್ಲಾದರೂ ಉಳಿದಿದ್ದರೆ, ಅವರ ಕುರ್ಚಿಯನ್ನು ಯಾರೂ ಅಲುಗಿಸಲಿಲ್ಲ.

ಬಳಸದೆ ಬಿದ್ದಿರುವ ಕಾರ್ಡುಗಳನ್ನು ಮುಚ್ಚಿದ್ದು ಸರಿಯೇ. ಸ್ಯಾನ್ ಡಿಯೇಗೊದ ಪರಿಶೋಧಕರೂ ಅದನ್ನೇ ಕೇಳಿದ್ದರು. ಆ ವಸಂತದಲ್ಲಿ ಡೋಜ್ ವಾರವಾರವೂ ಪಟ್ಟಿ ಹೊರಡಿಸುತ್ತಿತ್ತು: ಇಷ್ಟು ಇಲಾಖೆ, ಇಷ್ಟು ಸಾವಿರ ಕಾರ್ಡು ರದ್ದು. ಕೆಲವೇ ವಾರಗಳಲ್ಲಿ ಆ ಸಂಖ್ಯೆ ನಾಲ್ಕೂವರೆ ಲಕ್ಷ ದಾಟಿತು. ಉಳಿದ ನಲವತ್ತು ಲಕ್ಷಕ್ಕೂ ಮಿಕ್ಕಿದ ಕಾರ್ಡುಗಳ ಬಿಲ್ಲನ್ನು ಯಾರು ನೋಡುತ್ತಿದ್ದಾರೆ, ಒಬ್ಬೊಬ್ಬ ಮೇಲುರುಜು ಅಧಿಕಾರಿಯ ಪಾಲಿಗೆ ಎಷ್ಟು ಕಾರ್ಡು ಬರುತ್ತದೆ ಎಂಬ ಅಂಕಣ ಆ ಪಟ್ಟಿಯಲ್ಲಿ ಇರಲಿಲ್ಲ.